ಲ್ಯಾಪ್‌ಟಾಪ್ ಎತ್ತಿಕೊಂಡು ಎಲ್ಲಿಗೆ? ಚಿಯಾಂಗ್ ಮಾಯ್, ಕೌಲಾಲಂಪುರ, ದುಬೈ, ಲಿಸ್ಬನ್, ಇಲ್ಲವೇ ಮೈಸೂರು

ಕೆಲಸ ಹೇಗಿದ್ದರೂ ಲ್ಯಾಪ್‌ಟಾಪ್‌ನಲ್ಲಿ. ಆಫೀಸಿಗೆ ಹೋಗುವ ಗೋಜಿಲ್ಲ. ಹಾಗಿದ್ದ ಮೇಲೆ ಎಚ್‌ಎಸ್‌ಆರ್ ಲೇಔಟ್‌ನ ಮನೆಯಲ್ಲಿ ಕೂತು ಮಾಡುವುದನ್ನೇ ಚಿಯಾಂಗ್ ಮಾಯ್‌ನಲ್ಲೋ ಲಿಸ್ಬನ್‌ನಲ್ಲೋ ಕೂತು ಯಾಕೆ ಮಾಡಬಾರದು? ಬೆಂಗಳೂರಿನಲ್ಲಿ ನಾಲ್ಕು ಜನ ರಿಮೋಟ್ ಕೆಲಸದವರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಮಾತು ಶುರುವಾಗುವುದು ಮಾತ್ರ ಯಾವಾಗಲೂ ಊರಿನಿಂದ. ಬೀಚ್ ಇದೆಯಾ, ಕಾಫಿ ಚೆನ್ನಾಗಿದೆಯಾ, ಬಾಡಿಗೆ ಎಷ್ಟು.

ನನ್ನ ಪ್ರಕಾರ ಊರು ಆರಿಸುವುದು ಕಟ್ಟಕಡೆಯ ಕೆಲಸ. ನಿಮ್ಮ ಕಂಪನಿ ಏನನ್ನುತ್ತದೆ, ನಿಮ್ಮ ಸಂಬಳ ಎಷ್ಟು, ನಿಮ್ಮ ಟೀಮ್ ಯಾವ ದೇಶದ ಗಡಿಯಾರ ನೋಡುತ್ತದೆ ಎಂಬ ಮೂರು ಸಂಗತಿಗಳೇ ಅರ್ಧಕ್ಕಿಂತ ಜಾಸ್ತಿ ಊರುಗಳನ್ನು ಪಟ್ಟಿಯಿಂದ ಹೊಡೆದು ಹಾಕುತ್ತವೆ. ಉಳಿದದ್ದರಲ್ಲಿ ಬೀಚ್ ನೋಡಿಕೊಳ್ಳಬಹುದು.

ಇಲ್ಲಿ ಬರೆದಿರುವುದು ಭಾರತದ ಪಾಸ್‌ಪೋರ್ಟ್ ಇದ್ದು, ಭಾರತದಲ್ಲಿ ಸಂಬಳ ಪಡೆಯುವವರನ್ನು ಅಥವಾ ಹೊರಗಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಡಾಲರ್‌ಗೆ 90, ಯೂರೋಗೆ 105, ದಿರ್ಹಮ್‌ಗೆ 24, ಥಾಯ್ ಬಾತ್‌ಗೆ 2.80 ರೂಪಾಯಿ ಹಿಡಿದಿದ್ದೇನೆ. ವೀಸಾ ಮಿತಿಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಬೇಕು.

ಮೊದಲು ಕಂಪನಿ

ಚಾಟ್‌ನಲ್ಲಿ ಮ್ಯಾನೇಜರ್ ಕಳಿಸಿದ ಹೆಬ್ಬೆರಳಿನ ಇಮೋಜಿ ಅನುಮತಿ ಅಲ್ಲ. ಎಚ್‌ಆರ್‌ನಿಂದ ಮೇಲ್ ಬರಬೇಕು. ಯಾವ ದೇಶ, ಎಷ್ಟು ದಿನ ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಆಫರ್ ಲೆಟರ್‌ನಲ್ಲಿ ‘ಎಲ್ಲಿಂದ ಬೇಕಾದರೂ ಕೆಲಸ ಮಾಡಿ’ ಎಂದಿರುತ್ತದೆ. ಪಾಲಿಸಿ ತೆರೆದು ಓದಿದರೆ, ಭಾರತದೊಳಗೆ ಎಲ್ಲಿಂದ ಬೇಕಾದರೂ ಅಂತ ಇರುತ್ತದೆ. ಹೀಗೆ ಇರುವುದೇ ಜಾಸ್ತಿ.

ಕಂಪನಿಗಳು ಸುಮ್ನೆ ಹಟಕ್ಕೆ ಬೇಡ ಅನ್ನುವುದಿಲ್ಲ. ನೀವು ಒಂದು ದೇಶದಲ್ಲಿ ತಿಂಗಳುಗಟ್ಟಲೆ ಕೂತು ಕಂಪನಿಯ ಪರವಾಗಿ ವ್ಯವಹಾರ ಕುದುರಿಸುತ್ತಿದ್ದರೆ, ನಿಮ್ಮ ಕಂಪನಿಗೇ ಅಲ್ಲೊಂದು ನೆಲೆ ಇದೆ ಎಂದು ಆ ದೇಶದ ತೆರಿಗೆ ಇಲಾಖೆ ವಾದಿಸಬಹುದು. ತೆರಿಗೆಯವರು ಇದನ್ನು ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್ ಅನ್ನುತ್ತಾರೆ. ಹಾಗಾದರೆ ಕಂಪನಿಯ ಲಾಭಕ್ಕೂ ಅಲ್ಲಿ ತೆರಿಗೆ ಬೀಳುತ್ತದೆ. ಕೋಡ್ ಬರೆಯುವವರಿಗಿಂತ ಸೇಲ್ಸ್‌ನವರಿಗೆ ಈ ತೊಡಕು ಹೆಚ್ಚು. ಇನ್ನು ಐಟಿ ಸರ್ವಿಸಸ್ ಕಂಪನಿಗಳಲ್ಲಿ ಕ್ಲೈಂಟ್ ಒಪ್ಪಂದವೇ ಅಡ್ಡ ಬರುತ್ತದೆ. ಬ್ಯಾಂಕ್, ಇನ್ಶೂರೆನ್ಸ್, ಆಸ್ಪತ್ರೆ ಕ್ಲೈಂಟ್‌ಗಳು ತಮ್ಮ ಡೇಟಾ ಯಾವ ದೇಶದಿಂದ ತೆರೆಯಬಹುದು ಎಂದು ಬರೆಸಿಕೊಂಡಿರುತ್ತಾರೆ. ಅಲ್ಲಿ ನಿಮ್ಮ ಮ್ಯಾನೇಜರ್ ಏನೂ ಮಾಡುವ ಹಾಗಿಲ್ಲ.

ಮನೆಯ ರೌಟರ್‌ಗೆ ವಿಪಿಎನ್ ಕಟ್ಟಿ, ಬೆಂಗಳೂರಿನಲ್ಲೇ ಇದ್ದ ಹಾಗೆ ತೋರಿಸಿಕೊಳ್ಳುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಒಂದು ದಿನ ಫೋನಿನ ಲೊಕೇಶನ್ ಹೇಳಿಬಿಡುತ್ತದೆ. ಆಗ ನಿಮ್ಮ ಮೇಲಿನ ಆರೋಪ ರಜೆಯ ಅಥವಾ ಹಾಜರಾತಿಯ ವಿಷಯವಾಗಿರುವುದಿಲ್ಲ, ಕಂಪನಿಗೆ ಸುಳ್ಳು ಹೇಳಿದ್ದು ಎಂದಾಗುತ್ತದೆ.

ಹೊರದೇಶದ ಸ್ಟಾರ್ಟಪ್‌ಗೆ ಕಾಂಟ್ರಾಕ್ಟರ್ ಆಗಿ ಇನ್ವಾಯ್ಸ್ ಕಳಿಸುವವರಿಗೆ ಇಷ್ಟು ಬಿಗಿ ಇಲ್ಲ. ಅವರ ಒಪ್ಪಂದದಲ್ಲಿ ಜಾಗದ ಷರತ್ತು ಇದೆಯೇ ಎಂದಷ್ಟೇ ನೋಡಬೇಕು. ಆದರೆ ನೌಕರಿಯಲ್ಲಿರುವವರಿಗೆ ಕಂಪನಿ ‘ಹೊರಗೆ ಹೋಗುವುದಾದರೆ ಕಾಂಟ್ರಾಕ್ಟರ್ ಆಗಿ’ ಅಂದರೆ ಸ್ವಲ್ಪ ತಡೆಯಿರಿ. ಪಿಎಫ್ ನಿಲ್ಲುತ್ತದೆ. ರಜೆ ಹೋಗುತ್ತದೆ. ಐದು ವರ್ಷ ತುಂಬಿ ಗ್ರಾಚುಯಿಟಿ ಬರಲು ಸ್ವಲ್ಪವೇ ಬಾಕಿ ಇದ್ದರೆ ಅದೂ ಕೈತಪ್ಪುತ್ತದೆ. ಅದೇ ಸಂಬಳಕ್ಕೆ ಒಪ್ಪಿಕೊಳ್ಳುವುದೆಂದರೆ ಸಂಬಳ ಇಳಿಸಿಕೊಂಡ ಹಾಗೆಯೇ.

ಸಂಬಳವೇ ಜರಡಿ

ರಿಮೋಟ್ ಕೆಲಸದವರಿಗೆಂದೇ ವೀಸಾ ಕೊಡುವ ದೇಶಗಳು ಕೇಳುವ ಮೊತ್ತವನ್ನು ರೂಪಾಯಿಗೆ ತಿರುಗಿಸಿದ ತಕ್ಷಣ ಚಿತ್ರ ಬದಲಾಗುತ್ತದೆ.

ಮಲೇಷ್ಯಾದ ಡಿಇ ರಂತಾವ್ ಪಾಸ್‌ಗೆ ತಂತ್ರಜ್ಞಾನ ಕ್ಷೇತ್ರದವರು ವರ್ಷಕ್ಕೆ 24,000 ಡಾಲರ್, ಅಂದರೆ ಹತ್ತಿರ ಹತ್ತಿರ 21.6 ಲಕ್ಷ ರೂಪಾಯಿ ದುಡಿಯುತ್ತಿರಬೇಕು. ಬೇರೆ ಕ್ಷೇತ್ರದವರಿಗೆ 60,000 ಡಾಲರ್. ಅಕೌಂಟ್ಸ್, ಕಾನೂನು, ಎಚ್‌ಆರ್ ಕೆಲಸದವರಿಗೆ ಇಲ್ಲೇ ಬಾಗಿಲು ಮುಚ್ಚುತ್ತದೆ. ದುಬೈನ ವರ್ಚುವಲ್ ವರ್ಕಿಂಗ್ ವೀಸಾಗೆ ತಿಂಗಳಿಗೆ 3,500 ಡಾಲರ್, ವರ್ಷಕ್ಕೆ 38 ಲಕ್ಷದ ಆಸುಪಾಸು. ಪೋರ್ಚುಗಲ್‌ನ ಡಿ8 ವೀಸಾ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಕೇಳುತ್ತದೆ. 2026ರಲ್ಲಿ ಕನಿಷ್ಠ ವೇತನ 920 ಯೂರೋ. ಹಾಗಾಗಿ ತಿಂಗಳಿಗೆ 3,680 ಯೂರೋ, ವರ್ಷಕ್ಕೆ 46 ಲಕ್ಷ ರೂಪಾಯಿ ಮೇಲೆ. ಬಾಲಿಯ ಕನಸು ಕಾಣುವವರಿಗೆ ಇಂಡೋನೇಷ್ಯಾದ ರಿಮೋಟ್ ಕೆಲಸದ ವೀಸಾ 60,000 ಡಾಲರ್ ಅನ್ನುತ್ತದೆ. ಅದು 54 ಲಕ್ಷ!

ಇವುಗಳಲ್ಲಿ ಥಾಯ್ಲೆಂಡ್ ಮಾತ್ರ ಬೇರೆ ಜಾತಿಯದು. ಅದು ಮುಖ್ಯವಾಗಿ ನೋಡುವುದು ಸಂಬಳವನ್ನಲ್ಲ, ಉಳಿತಾಯವನ್ನು. ಖಾತೆಯಲ್ಲಿ 5 ಲಕ್ಷ ಬಾತ್, ಅಂದರೆ ಸುಮಾರು 14 ಲಕ್ಷ ರೂಪಾಯಿ ತೋರಿಸಬೇಕು. ತಿಂಗಳಿಗೆ ಲಕ್ಷ ದುಡಿಯುವ ಫ್ರೀಲಾನ್ಸರ್‌ಗೂ ಕೆಲವು ವರ್ಷ ಕೂಡಿಟ್ಟರೆ ಇದು ಎಟುಕುತ್ತದೆ.

ಹಾಗಾಗಿ ವರ್ಷಕ್ಕೆ 20 ಲಕ್ಷದೊಳಗಿನ ಸಂಬಳದವರಿಗೆ ಈ ಪಟ್ಟಿಯಲ್ಲಿ ಉಳಿಯುವುದು ಥಾಯ್ಲೆಂಡ್ ಒಂದೇ. 40 ಲಕ್ಷ ದಾಟಿದ ಮೇಲೇ ದುಬೈ, ಯುರೋಪ್ ಎಂದು ಹೋಲಿಸಲು ಅರ್ಥ ಬರುವುದು.

ಕೆಲವನ್ನು ಈಗಲೇ ಹೊಡೆದು ಹಾಕಿಬಿಡಿ. ಜಪಾನ್ 2024ರಲ್ಲಿ ಡಿಜಿಟಲ್ ನೊಮ್ಯಾಡ್ (ದೇಶ ಸುತ್ತುತ್ತಾ ರಿಮೋಟ್ ಕೆಲಸ ಮಾಡುವವರ) ವೀಸಾ ತಂದಿತು, ಆದರೆ ಅದು ಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಎಸ್ಟೋನಿಯಾದ ಇ-ರೆಸಿಡೆನ್ಸಿ ಹೆಸರು ಕೇಳಿ ಮೋಸ ಹೋಗಬೇಡಿ. ಅದು ಆನ್‌ಲೈನ್‌ನಲ್ಲಿ ಕಂಪನಿ ನಡೆಸುವ ಗುರುತಿನ ಚೀಟಿ, ಅಲ್ಲಿ ವಾಸಿಸುವ ಹಕ್ಕಲ್ಲ. ವಿಯೆಟ್ನಾಂ 90 ದಿನದ ಇ-ವೀಸಾ ಕೊಡುತ್ತದೆ. ತಿರುಗಾಟಕ್ಕೆ ಚೆನ್ನ, ನೆಲೆಸಲು ಅಲ್ಲ.

ತೆರಿಗೆ: ಇಲ್ಲಿ ಸ್ವಲ್ಪ ನಿಧಾನ

ಹೊರಗೆ ಹೋದರೆ ಇಲ್ಲಿನ ತೆರಿಗೆ ತಪ್ಪುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಬಲವಾಗಿ ಕೂತಿದೆ. ಲೆಕ್ಕ ಹಾಕಿ ನೋಡೋಣ.

ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ನೀವು ಆ ವರ್ಷ ತೆರಿಗೆಯ ಮಟ್ಟಿಗೆ ಭಾರತದ ನಿವಾಸಿ. ಇದು ಎಲ್ಲರಿಗೂ ಗೊತ್ತಿರುವ ನಿಯಮ. ಇನ್ನೊಂದಿದೆ. ಆ ವರ್ಷ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದಿದ್ದರೂ ನಿವಾಸಿಯೇ. ಇಲ್ಲೇ ಹುಟ್ಟಿ ಬೆಳೆದವರಿಗೆ ಆ 365 ದಿನ ಆಗಿಯೇ ಇರುತ್ತದೆ. ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯರಿಗೆ 60ರ ಬದಲು 182 ದಿನ ಎಂಬ ರಿಯಾಯಿತಿ ಇದೆ. ಆದರೆ ಇದೇ ಭಾರತದ ಕಂಪನಿಯ ಇದೇ ಕೆಲಸವನ್ನು ಬೇರೆ ಊರಿನಿಂದ ಮಾಡುತ್ತೇನೆ ಎಂದು ಹೋದರೆ, ಅದು ಉದ್ಯೋಗಕ್ಕಾಗಿ ಹೋದ ಹಾಗೆ ಆಯಿತೇ? ವಾದಕ್ಕೆ ಎಡೆ ಇದೆ. ಹೊರಡುವ ಮೊದಲೇ ಸಿಎ ಹತ್ತಿರ ಕೂತು ಕೇಳಬೇಕಾದ ಪ್ರಶ್ನೆ ಇದು.

ಒಂದು ಉದಾಹರಣೆ. ಆಗಸ್ಟ್ 1ಕ್ಕೆ ಹೊರಟು ಮುಂದಿನ ಜುಲೈ ಕೊನೆಗೆ ವಾಪಸ್ ಬಂದಿರಿ ಅನ್ನಿ. ಇಡೀ 12 ತಿಂಗಳು ಹೊರಗಿದ್ದಿರಿ. ಮೊದಲ ಆರ್ಥಿಕ ವರ್ಷದಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ 122 ದಿನ ಇಲ್ಲಿದ್ದಿರಿ. 60 ದಾಟಿತು. ಉದ್ಯೋಗದ ರಿಯಾಯಿತಿ ಸಿಗದಿದ್ದರೆ ನಿವಾಸಿ. ಎರಡನೆಯ ವರ್ಷ ಆಗಸ್ಟ್‌ನಿಂದ ಮಾರ್ಚ್‌ವರೆಗೆ 243 ದಿನ ಇಲ್ಲೇ. ಅನುಮಾನವೇ ಇಲ್ಲ, ನಿವಾಸಿ. ವರ್ಷ ಪೂರ್ತಿ ಹೊರಗಿದ್ದರೂ ಎರಡೂ ಸಲ ಜಗತ್ತಿನ ಎಲ್ಲ ಕಡೆಯ ಆದಾಯಕ್ಕೆ ಇಲ್ಲೇ ತೆರಿಗೆ ಕಟ್ಟಬೇಕಾಗಬಹುದು. ಹೊರದೇಶದ ಬ್ಯಾಂಕ್ ಖಾತೆ ತೆರೆದಿದ್ದರೆ ರಿಟರ್ನ್‌ನಲ್ಲಿ ತೋರಿಸಬೇಕು, ಸರಳವಾದ ಐಟಿಆರ್-1 ಸಾಲದು. ಅನಿವಾಸಿ ಆಗಲೇಬೇಕು ಅನ್ನುವವರು ಮಾರ್ಚ್ ಮುಗಿಯುವ ಮುನ್ನ ಹೊರಟು, ಒಂದು ಪೂರ್ತಿ ಆರ್ಥಿಕ ವರ್ಷ ಹೊರಗೆ ಕಳೆಯುವ ಹಾಗೆ ಯೋಜಿಸುವುದು ಲೇಸು.

ಅತ್ತ ಕಡೆಯ ದೇಶವೂ ಸುಮ್ಮನೆ ಕೂರುವುದಿಲ್ಲ. ಥಾಯ್ಲೆಂಡ್ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ 180 ದಿನ ಇದ್ದವರನ್ನು ತನ್ನ ತೆರಿಗೆ ನಿವಾಸಿ ಅನ್ನುತ್ತದೆ. ಅಂಥವರು ಹೊರಗಿನ ಆದಾಯವನ್ನು ಥಾಯ್ಲೆಂಡ್‌ಗೆ ತಂದರೆ 2024ರಿಂದ ತೆರಿಗೆ ಇದೆ. ಮಲೇಷ್ಯಾದಲ್ಲಿ 182 ದಿನ. ಅಲ್ಲಿ ಒಂದು ವಿಚಿತ್ರ ಇದೆ, ನೆನಪಿಡಿ. 60 ದಿನದೊಳಗಿನ ಕೆಲಸಕ್ಕೆ ವಿನಾಯಿತಿ. 182 ದಿನ ದಾಟಿದರೆ ಹಂತ ಹಂತದ ದರ. ನಡುವೆ ಸಿಕ್ಕಿಹಾಕಿಕೊಂಡವರಿಗೆ ಮಾತ್ರ ನೇರ ಶೇ. 30. ಮೂರ್ನಾಲ್ಕು ತಿಂಗಳಿಗೆ ಹೋಗುವವರಿಗೇ ಅಲ್ಲಿ ದುಬಾರಿ, ವರ್ಷಕ್ಕೆ ಹೋಗುವವರಿಗೆ ಹಗುರ.

ಎರಡೆರಡು ಸಲ ಕಟ್ಟದಿರಲು ಈ ದೇಶಗಳ ಜೊತೆ ಭಾರತಕ್ಕೆ ಒಪ್ಪಂದಗಳಿವೆ. ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಮಾಡಿಸಿಕೊಳ್ಳಬಹುದು. ಕಟ್ಟಿದ ರಸೀದಿ ಇಟ್ಟುಕೊಂಡಿದ್ದರೆ!

ದುಬೈಯಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ. ಇದಕ್ಕೇ ಎಷ್ಟೋ ಜನ ಮರುಳಾಗುವುದು. ಈಗ ಇಲ್ಲಿನ ಲೆಕ್ಕ ನೋಡಿ. ಹೊಸ ತೆರಿಗೆ ಪದ್ಧತಿಯಲ್ಲಿ 24 ಲಕ್ಷ ಸಂಬಳದವರು ಸೆಸ್ ಸೇರಿ ಕಟ್ಟುವುದು ಸುಮಾರು 2.9 ಲಕ್ಷ. 38 ಲಕ್ಷದವರಿಗೆ ಏಳು ಲಕ್ಷದ ಆಸುಪಾಸು. ದುಬೈಯಲ್ಲಿ ಒಂದು ಬೆಡ್‌ರೂಮಿನ ಸಾಧಾರಣ ಮನೆಗೆ ವರ್ಷಕ್ಕೆ 60ರಿಂದ 80 ಸಾವಿರ ದಿರ್ಹಮ್ ಬಾಡಿಗೆ. ಅಂದರೆ 14ರಿಂದ 19 ಲಕ್ಷ ರೂಪಾಯಿ. ತೆರಿಗೆಯಲ್ಲಿ ಉಳಿದದ್ದರ ಎರಡು ಪಟ್ಟು ಬಾಡಿಗೆಗೇ ಹೋಯಿತು, ಅಲ್ವಾ? ಸಂಬಳ ಇದಕ್ಕಿಂತ ತುಂಬಾ ಹೆಚ್ಚಿರುವವರಿಗೆ ಮಾತ್ರ ಈ ಲೆಕ್ಕ ತಿರುಗಿ ಬೀಳುತ್ತದೆ. ಜೊತೆಗೆ 2020ರಲ್ಲಿ ಬಂದ ನಿಯಮ ಒಂದಿದೆ. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಗೆ, ಹೊರದೇಶದ್ದು ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿದರೆ, ಅವರನ್ನು ನಿವಾಸಿ ಎಂದೇ ಪರಿಗಣಿಸುತ್ತಾರೆ. ಇದು ಬಂದಾಗ ಮುಖ್ಯವಾಗಿ ಮಾತಾದದ್ದು ಕೊಲ್ಲಿ ದೇಶಗಳಲ್ಲಿರುವವರ ಬಗ್ಗೆಯೇ.

ಗಡಿಯಾರ

ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹೋದ ಮೇಲೆ ದಿನನಿತ್ಯ ಕಾಡುವುದು ಇದೇ.

ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಮಲೇಷ್ಯಾ, ಬಾಲಿ ಎರಡೂವರೆ ಗಂಟೆ ಮುಂದೆ. ದುಬೈ ಒಂದೂವರೆ ಗಂಟೆ ಹಿಂದೆ. ಲಿಸ್ಬನ್ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ.

ನಿಮ್ಮ ಟೀಮ್ ಬೆಂಗಳೂರಿನಲ್ಲೇ ಇದ್ದರೆ ಪೂರ್ವದ ದೇಶಗಳು ಸುಖ. ಬೆಳಿಗ್ಗೆ 10ರ ಸ್ಟ್ಯಾಂಡಪ್ ಮೀಟಿಂಗ್ ಬ್ಯಾಂಕಾಕ್‌ನಲ್ಲಿ 11.30ಕ್ಕೆ, ಕೌಲಾಲಂಪುರದಲ್ಲಿ 12.30ಕ್ಕೆ. ಬೆಳಗಿನ ಹೊತ್ತು ಪೂರ್ತಿ ನಿಮ್ಮದು. ಅದೇ ಮೀಟಿಂಗ್ ಲಿಸ್ಬನ್‌ನಲ್ಲಿ ಬೇಸಿಗೆಯಾದರೆ ಬೆಳಗಿನ ಜಾವ 5.30ಕ್ಕೆ, ಚಳಿಗಾಲದಲ್ಲಿ 4.30ಕ್ಕೆ. ಭಾರತದ ಟೀಮ್ ಜೊತೆ ಕೆಲಸ ಮಾಡುತ್ತಾ ಪೋರ್ಚುಗಲ್‌ನಲ್ಲಿ ಇರುತ್ತೇನೆ ಅನ್ನುವವರಿಗೆ ಅಲಾರಾಂ ಮೇಲೆ ಅಪಾರ ಪ್ರೀತಿ ಇರಬೇಕು.

ಅಮೆರಿಕದ ಟೀಮ್ ಆದರೆ ತಲೆಕೆಳಗು. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ಗಂಟೆ, ಅಲ್ಲಿನ ಬೇಸಿಗೆಯಲ್ಲಿ, ಬೆಂಗಳೂರಿಗೆ ರಾತ್ರಿ 9.30. ಬ್ಯಾಂಕಾಕ್‌ಗೆ 11. ಕೌಲಾಲಂಪುರಕ್ಕೆ ನಡುರಾತ್ರಿ 12. ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಸೇರಿಸಿಕೊಳ್ಳಿ. ಈಗಾಗಲೇ ರಾತ್ರಿ ಕಾಲ್‌ಗಳಿಂದ ಸುಸ್ತಾದವರು ಪೂರ್ವಕ್ಕೆ ಹೋಗಿ ಅದನ್ನು ಇನ್ನೂ ಹಾಳು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅವರಿಗೆ ದುಬೈ ಸ್ವಲ್ಪ ಉಪಶಮನ, ರಾತ್ರಿ 8. ಲಿಸ್ಬನ್‌ನಲ್ಲಿ ಸಂಜೆ 5. ಅಮೆರಿಕದ ಕಂಪನಿಗಳಿಗೆ ದುಡಿಯುವ, ಸಂಬಳವೂ ಚೆನ್ನಾಗಿರುವ ಜನರಿಗೆ ಪೋರ್ಚುಗಲ್ ಹಿಡಿಸುವುದಕ್ಕೆ ಬಿಸಿಲಿಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ.

ಥಾಯ್ಲೆಂಡ್

ಮೇಲೆ ಹೇಳಿದ 5 ಲಕ್ಷ ಬಾತ್ ಉಳಿತಾಯದ ವೀಸಾದ ಹೆಸರು ಡಿಟಿವಿ, ಶುರುವಾದದ್ದು 2024ರ ಜುಲೈನಲ್ಲಿ. ಐದು ವರ್ಷದ ಅವಧಿ. ಪ್ರತಿ ಸಲ ಒಳಗೆ ಹೋದಾಗ 180 ದಿನ ಇರಬಹುದು, ಅಲ್ಲೇ ಒಮ್ಮೆ ವಿಸ್ತರಿಸಲೂಬಹುದು. ಶುಲ್ಕ 10,000 ಬಾತ್. ವಯಸ್ಸು 20 ತುಂಬಿರಬೇಕು. ಥಾಯ್ಲೆಂಡ್‌ನ ಹೊರಗಿದ್ದೇ ಅರ್ಜಿ ಹಾಕಬೇಕು. ಗಂಡ ಅಥವಾ ಹೆಂಡತಿ ಮತ್ತು 20 ವರ್ಷದೊಳಗಿನ ಮಕ್ಕಳು ಜೊತೆಗೆ ಬರಬಹುದು. ಅಲ್ಲಿನ ಕಂಪನಿಗೆ ಮಾತ್ರ ಕೆಲಸ ಮಾಡುವ ಹಾಗಿಲ್ಲ.

ಭಾರತೀಯರಿಗೆ ಸಿಗುವ ವೀಸಾಗಳಲ್ಲಿ ಇಷ್ಟು ಸಡಿಲವಾದದ್ದು ನಾನು ನೋಡಿದ ಮಟ್ಟಿಗೆ ಇನ್ನೊಂದಿಲ್ಲ. ಐದು ವರ್ಷದಲ್ಲಿ ಬೇಕಾದಾಗ ಹೋಗಿ, ಬೇಸರವಾದಾಗ ಬರಬಹುದು. ‘ದೇಶ ಬಿಟ್ಟೆ’ ಎಂದು ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೊಳಗಿನ ನೇರ ವಿಮಾನ. ಅಪ್ಪನಿಗೆ ಆರೋಗ್ಯ ಕೆಟ್ಟಿತು ಎಂದು ಬೆಳಿಗ್ಗೆ ಫೋನ್ ಬಂದರೆ, ಟಿಕೆಟ್ ಸಿಕ್ಕಿದರೆ ರಾತ್ರಿಯೊಳಗೆ ಮನೆ ಸೇರಬಹುದು.

ಚಿಯಾಂಗ್ ಮಾಯ್‌ನಲ್ಲಿ ಸಣ್ಣ ಕಾಂಡೋಗೆ (ಅಪಾರ್ಟ್‌ಮೆಂಟ್ ಮನೆಗೆ) ತಿಂಗಳಿಗೆ 10ರಿಂದ 15 ಸಾವಿರ ಬಾತ್. 28ರಿಂದ 42 ಸಾವಿರ ರೂಪಾಯಿ ಅನ್ನಿ. ಬೆಂಗಳೂರಿನ ಒಳ್ಳೆಯ ಬಡಾವಣೆಯ ಬಾಡಿಗೆಗೆ ಹೋಲಿಸಿದರೆ ಅಗ್ಗವೇನಲ್ಲ, ದುಬಾರಿಯೂ ಅಲ್ಲ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹೊಲ, ಕಾಡು ಸುಡುವ ಹೊಗೆ ತುಂಬಿಕೊಳ್ಳುತ್ತದೆ. ಉಸಿರಾಟದ ತೊಂದರೆ ಇರುವವರು ಆ ತಿಂಗಳುಗಳಲ್ಲಿ ದಕ್ಷಿಣದ ಸಮುದ್ರತೀರಕ್ಕೆ ಹೋಗುವುದೋ, ಊರಿಗೆ ಬರುವುದೋ ಮಾಡಬೇಕು. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಅಲ್ಲಿನ ತರಕಾರಿ ಅಡುಗೆಯಲ್ಲೂ ಮೀನಿನ ಸಾಸ್ ಇರುತ್ತದೆ. ‘ಜೇ’ ಎಂದು ಹೇಳಿ ಕೇಳಬೇಕು, ಆಗ ಮಾಂಸ, ಮೀನು, ಮೊಟ್ಟೆ ಯಾವುದೂ ಹಾಕುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಹಾಗಾಗಿ ನಮ್ಮಲ್ಲಿ ಕೆಲವರ ಮನೆಯ ಅಡುಗೆಗಿಂತಲೂ ಮಡಿ.

ಕಾಗದದ ಕೆಲಸ ಸ್ವಲ್ಪ ಇದೆ. ನೀವು ಎಲ್ಲಿದ್ದೀರಿ ಎಂದು ಮನೆ ಮಾಲೀಕರು ವಲಸೆ ಇಲಾಖೆಗೆ ತಿಳಿಸಬೇಕು. ಸತತವಾಗಿ 90 ದಿನ ಇದ್ದರೆ ನೀವೂ ವರದಿ ಕೊಡಬೇಕು. ಮರೆತರೆ ದಂಡ. ಎಷ್ಟು ವರ್ಷ ಹೀಗೆ ಇದ್ದರೂ ಈ ವೀಸಾ ಕಾಯಂ ವಾಸಕ್ಕೆ ದಾರಿಯಲ್ಲ.

ಮಲೇಷ್ಯಾ

ಡಿಇ ರಂತಾವ್ ಬಂದದ್ದು 2022ರಲ್ಲಿ. 3ರಿಂದ 12 ತಿಂಗಳಿಗೆ ಕೊಡುತ್ತಾರೆ, ಇನ್ನೊಂದು 12 ತಿಂಗಳು ನವೀಕರಿಸಬಹುದು. ಅರ್ಜಿಗೆ 1,000 ರಿಂಗಿಟ್, ಜೊತೆಗೆ ಬರುವವರಿಗೆ ತಲಾ 500. ಕುಟುಂಬ ಕಟ್ಟಿಕೊಂಡು ಹೋಗುವವರಿಗೆ ನಾನು ಥಾಯ್ಲೆಂಡ್‌ಗಿಂತ ಇದನ್ನೇ ಹೇಳುವುದು. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ತಮಿಳು ಬಂದರೆ ಇನ್ನೂ ಸಲೀಸು, ಬೆಂಗಳೂರಿನವರಿಗೆ ಅಷ್ಟಿಷ್ಟು ಬಂದೇ ಬರುತ್ತದಲ್ಲ. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಎಲೆ ಊಟ, ದೋಸೆ, ಹೂವು, ಅಗರಬತ್ತಿ ಎಲ್ಲ ಒಂದೇ ಬೀದಿಯಲ್ಲಿ. ಅತ್ತೆ ಮಾವ ಒಂದು ತಿಂಗಳಿಗೆ ಬಂದರೂ ಊಟದ ಚಿಂತೆ ಇಲ್ಲ.

ಟೀಮ್ ಭಾರತದಲ್ಲಿರುವ, 22ರಿಂದ 35 ಲಕ್ಷ ದುಡಿಯುವ ಐಟಿಯವರಿಗೆ ಈ ಪಟ್ಟಿಯಲ್ಲಿ ಹೆಚ್ಚು ಹೊಂದುವುದು ಇದೇ. ಹೋಗುವುದಾದರೆ ತೆರಿಗೆಯ ಕಾರಣಕ್ಕೆ ಪೂರ್ತಿ ವರ್ಷಕ್ಕೇ ಹೋಗಿ, ಅದೂ ಕ್ಯಾಲೆಂಡರ್ ವರ್ಷದ ಮೊದಲ ತಿಂಗಳುಗಳಲ್ಲಿ.

ದುಬೈ

ಕರಾವಳಿಯವರಿಗೆ ದುಬೈ ಹೊರದೇಶ ಅನ್ನಿಸುವುದೇ ಕಡಿಮೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಅಲ್ಲಿದ್ದಾರೆ. ಮಂಗಳೂರಿನಿಂದ ನೇರ ವಿಮಾನ ಇದೆ. ಕರಾಮಾದಲ್ಲಿ ಉಡುಪಿ ಹೋಟೆಲ್ ಸಿಗುತ್ತದೆ. ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟು. ಮಕ್ಕಳಿಗೆ ರಜಾದಿನದ ಕನ್ನಡ ಪಾಠವೂ ನಡೆಯುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಪಠ್ಯಕ್ರಮ ಬದಲಾಗದಿರುವುದು ದೊಡ್ಡ ಅನುಕೂಲ. ಬೆಂಗಳೂರಿನಿಂದ ಹೋಗಿ, ವಾಪಸ್ ಬಂದರೂ ತರಗತಿ ತಪ್ಪುವುದಿಲ್ಲ.

ಬಾಡಿಗೆಯ ಲೆಕ್ಕ ಮೇಲೆ ಹೇಳಿದೆ. ಅದನ್ನು ತಿಂಗಳು ತಿಂಗಳು ಕೊಡುವುದಲ್ಲ, ವರ್ಷದ್ದನ್ನು ಕೆಲವೇ ಚೆಕ್‌ಗಳಲ್ಲಿ ಮುಂಗಡವಾಗಿ ಬರೆದುಕೊಡುವ ಪದ್ಧತಿ. ಆರೋಗ್ಯ ವಿಮೆ ಕಡ್ಡಾಯ. ವೀಸಾ ಒಂದು ವರ್ಷದ್ದು. ಇನ್ನೊಂದು ಸಣ್ಣ ಸಂಗತಿ, ಅಮ್ಮಂದಿರಿಗೆ ದೊಡ್ಡದು. ಅಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಆಫೀಸಿನ ಜೂಮ್, ಟೀಮ್ಸ್‌ಗೆ ತೊಂದರೆ ಇಲ್ಲ. ಊರಿನಲ್ಲಿರುವ ಅಮ್ಮನ ಫೋನಿಗೂ ಅವುಗಳಲ್ಲಿ ಒಂದನ್ನು ಹಾಕಿಕೊಟ್ಟು ಹೋಗಿ.

ಕೆಲವು ಔಷಧಿಗಳ ಬಗ್ಗೆ ಯುಎಇ ತುಂಬಾ ಬಿಗಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಮಾತ್ರೆ ಇವನ್ನೆಲ್ಲ ಮುಂಚಿತ ಅನುಮತಿ ಇಲ್ಲದೆ ಬ್ಯಾಗಿನಲ್ಲಿ ಹಾಕಬಾರದು.

ಪೋರ್ಚುಗಲ್, ಸ್ಪೇನ್

ಇಲ್ಲಿಯವರೆಗೆ ಹೇಳಿದವೆಲ್ಲ ಹೋಗಿ ಬರುವ ಊರುಗಳು. ಯುರೋಪಿನ ಈ ಎರಡು ದೇಶಗಳಲ್ಲಿ ರಿಮೋಟ್ ಕೆಲಸದ ವೀಸಾದಿಂದ ಶುರುಮಾಡಿ, ಕಾಲಕ್ರಮದಲ್ಲಿ ಕಾಯಂ ವಾಸದವರೆಗೆ ಹೋಗಬಹುದು. ಪೋರ್ಚುಗಲ್‌ನ ಡಿ8 ಎರಡು ಬಗೆ. ಒಂದು, ವರ್ಷದೊಳಗಿನ ತಾತ್ಕಾಲಿಕ ವಾಸಕ್ಕೆ. ಇನ್ನೊಂದು, ಅಲ್ಲಿಗೆ ಹೋಗಿ ರೆಸಿಡೆನ್ಸ್ ಪರ್ಮಿಟ್ ಪಡೆಯಲಿಕ್ಕೆ. ಅರ್ಜಿ ಹಾಕುವಾಗ ಯಾವುದು ಬೇಕು ಎಂದು ಮೊದಲೇ ಗೊತ್ತಿರಬೇಕು.

ತೆರಿಗೆ ರಿಯಾಯಿತಿಯ ಹಳೆಯ ಕತೆಗಳನ್ನು ನಂಬಿ ಹೋಗಬೇಡಿ. ಹೊಸದಾಗಿ ಬಂದವರಿಗೆ ತೆರಿಗೆ ಕಡಿಮೆ ಮಾಡುತ್ತಿದ್ದ, ಹೆಸರಾಗಿದ್ದ ಎನ್‌ಎಚ್‌ಆರ್ ಪದ್ಧತಿಯನ್ನು 2024ರಿಂದ ಮುಚ್ಚಿದ್ದಾರೆ. ಈಗಿನ ರಿಯಾಯಿತಿ ಕೆಲವು ಆಯ್ದ ವೃತ್ತಿಗಳಿಗಷ್ಟೇ. ಉಳಿದವರಿಗೆ ಮೇಲಿನ ಹಂತದ ದರ ಶೇ. 48ರವರೆಗೆ ಹೋಗುತ್ತದೆ. ಲಿಸ್ಬನ್‌ನಲ್ಲಿ ಒಂದು ಬೆಡ್‌ರೂಮಿನ ಮನೆಗೆ 1,200 ಯೂರೋ ಮೇಲೆಯೇ ಕೇಳುತ್ತಾರೆ. ಬ್ರಾಗಾದಂಥ ಊರುಗಳಲ್ಲಿ ಕಡಿಮೆ. 2023ರಲ್ಲಿ ವಲಸೆ ಇಲಾಖೆಯನ್ನೇ ಬದಲಿಸಿ ಎಐಎಂಎ ಎಂದು ಹೊಸದು ಮಾಡಿದರು. ಹೊಸ ಇಲಾಖೆಗೆ ಹಳೆಯ ಇಲಾಖೆಯಿಂದ ಲಕ್ಷಗಟ್ಟಲೆ ಬಾಕಿ ಅರ್ಜಿಗಳೂ ಬಂದವು. ಕಾಯುವ ತಾಳ್ಮೆ ಬೇಕು.

ಸ್ಪೇನ್ 2023ರಿಂದ ಇಂಥ ವೀಸಾ ಕೊಡುತ್ತಿದೆ. ಆದಾಯದ ಮಿತಿ ಪೋರ್ಚುಗಲ್‌ಗಿಂತ ಕಡಿಮೆ, ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು. ತೊಡಕು ಇರುವುದು ಸಾಮಾಜಿಕ ಭದ್ರತೆಯ (ಪಿಎಫ್‌ನಂಥ ವಂತಿಗೆಗಳ) ಕಾಗದದಲ್ಲಿ. ಭಾರತದ ಕಂಪನಿಯ ನೌಕರರು ಆ ಹಂತದಲ್ಲೇ ಸಿಕ್ಕಿಕೊಳ್ಳುತ್ತಾರೆ. ಫ್ರೀಲಾನ್ಸರ್‌ಗಳಿಗೆ ದಾರಿ ಸುಲಭ.

ನೆಲೆಸುವುದೇ ಗುರಿಯಾದರೆ ರಿಮೋಟ್ ಕೆಲಸ ಬಿಟ್ಟು, ಅಲ್ಲೇ ಕೆಲಸ ಹಿಡಿದು ಹೋಗುವುದನ್ನೂ ಪಕ್ಕದಲ್ಲಿಟ್ಟು ನೋಡಿ. ಜರ್ಮನಿಯ ಕಂಪನಿಯೊಂದರ ಆಫರ್ ಸಿಕ್ಕಿ ಬ್ಲೂ ಕಾರ್ಡ್ (ಓದಿದ, ನುರಿತ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಬಂದರೆ, 27 ತಿಂಗಳಿಗೆ ಕಾಯಂ ವಾಸದ ಅನುಮತಿ. ಜರ್ಮನ್ ಬಿ1 ಮಟ್ಟಕ್ಕೆ ಕಲಿತರೆ 21 ತಿಂಗಳಿಗೇ. ಜೀವನ ಸಂಗಾತಿಗೂ ಕೆಲಸ ಮಾಡುವ ಹಕ್ಕಿದೆ. ಥಾಯ್ಲೆಂಡ್‌ನಲ್ಲಿ ಐದು ವರ್ಷ ಕಳೆದರೂ ಇದು ಸಿಗದು. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನವೂ ಇದೆ. ನನ್ನನ್ನು ಕೇಳಿದರೆ, ದೇಶ ಬದಲಿಸಬೇಕು ಎಂಬ ಆಸೆ ಗಟ್ಟಿಯಾಗಿ ಇರುವವರು ನೊಮ್ಯಾಡ್ ವೀಸಾಗಳ ಹಿಂದೆ ಬಿದ್ದು ವರ್ಷಗಳನ್ನು ಕಳೆಯಬಾರದು.

ಮೈಸೂರನ್ನೂ ಲೆಕ್ಕಕ್ಕೆ ಹಿಡಿಯಿರಿ

ಎಷ್ಟೋ ಜನರಿಗೆ ಬೇಸರ ಇರುವುದು ದೇಶದ ಮೇಲಲ್ಲ, ಬೆಂಗಳೂರಿನ ಟ್ರಾಫಿಕ್, ಬಾಡಿಗೆ, ಅಡ್ವಾನ್ಸ್ ಮೇಲೆ. ಅಂಥವರಿಗೆ ಮೈಸೂರೋ ಮಂಗಳೂರೋ ಅರ್ಧ ಉತ್ತರ ಕೊಟ್ಟುಬಿಡುತ್ತದೆ. ವೀಸಾ ಬೇಡ, ಎಚ್‌ಆರ್ ತಕರಾರು ಕಡಿಮೆ, ಗಡಿಯಾರ ಅದೇ, ಆರೋಗ್ಯ ವಿಮೆ ಅದೇ. ಉಳಿದ ಹಣದಲ್ಲಿ ವರ್ಷಕ್ಕೊಮ್ಮೆ ಬ್ಯಾಂಕಾಕ್‌ಗೆ ಸುಮ್ನೆ ರಜೆಗೆ ಹೋಗಬಹುದು. ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು! ಹೊರಗೆ ಹೋಗಬೇಕೆನ್ನುವವರು ಇದರ ಖರ್ಚನ್ನೂ ಒಂದು ಕಾಲಂನಲ್ಲಿ ಬರೆದು ನೋಡಿ. ಆ ಕಾಲಂ ನೋಡಿದ ಮೇಲೂ ಹೋಗಲೇಬೇಕು ಅನ್ನಿಸಿದರೆ, ನಿಮಗೆ ಬೇಕಿರುವುದು ನಿಜವಾಗಿಯೂ ಹೊರದೇಶವೇ.

ಹೊರಡುವ ಮುನ್ನ

ಭಾರತದ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕ್, ಆಧಾರ್, ಇನ್‌ಕಮ್ ಟ್ಯಾಕ್ಸ್ ಎಲ್ಲದರ ಒಟಿಪಿ ಅದಕ್ಕೇ ಬರುತ್ತದೆ. ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವಂತೆ ಮಾಡಿಸಿ, ರೀಚಾರ್ಜ್ ತಪ್ಪಿಸಬೇಡಿ. ಇದೊಂದು ಕೈಕೊಟ್ಟರೆ ಹಣ ಖಾತೆಯಲ್ಲೇ ಇದ್ದರೂ ನಿಮ್ಮ ಕೈಗೆ ಸಿಗುವುದಿಲ್ಲ.

ಉದ್ಯೋಗಕ್ಕೋ, ಎಷ್ಟು ದಿನ ಎಂದು ಹೇಳಲಾಗದ ವಾಸಕ್ಕೋ ಹೊರಟರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ನೀವು ಅನಿವಾಸಿ ಆಗುತ್ತೀರಿ. ಆಗ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ಮಾಡಿಸಬೇಕು. ಈ ನಿಯಮ ಬೇರೆ, ತೆರಿಗೆಯ ದಿನಗಳ ಲೆಕ್ಕ ಬೇರೆ. ಒಂದರಲ್ಲಿ ಅನಿವಾಸಿಯಾಗಿ, ಇನ್ನೊಂದರಲ್ಲಿ ನಿವಾಸಿಯಾಗಿ ಇರುವುದು ಸಾಧ್ಯ. ಅನಿವಾಸಿಯಾದ ಮೇಲೆ ಹೊಸ ಪಿಪಿಎಫ್ ತೆರೆಯುವ ಹಾಗಿಲ್ಲ, ಇದ್ದದ್ದನ್ನು 15 ವರ್ಷ ತುಂಬುವವರೆಗೆ ನಡೆಸಬಹುದು. ಇಲ್ಲಿಂದ ಅಲ್ಲಿಗೆ ಹಣ ಕಳಿಸಿಕೊಂಡು ಬದುಕುವ ನಿವಾಸಿಗಳು ಇನ್ನೊಂದು ನೋಡಿಕೊಳ್ಳಬೇಕು. ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಬ್ಯಾಂಕ್ ಮೇಲಿನ ಮೊತ್ತಕ್ಕೆ ಶೇ. 20 ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್ ಹಾಕಿದಾಗ ಸರಿಹೋಗುತ್ತದೆ, ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲ.

ಆರೋಗ್ಯ ವಿಮೆಯ ವಿಷಯದಲ್ಲಿ ಜನ ಸಾವಿರಗಳ ಆಸೆಗೆ ಲಕ್ಷಗಳನ್ನು ಕಳೆದುಕೊಳ್ಳುತ್ತಾರೆ. ಹೊರಗಿರುವಾಗ ಇಲ್ಲಿನ ಪಾಲಿಸಿ ಯಾಕೆ ಎಂದು ನಿಲ್ಲಿಸಿದರೆ, ವಾಪಸ್ ಬಂದ ಮೇಲೆ ಹೊಸದಾಗಿ ತೆಗೆದುಕೊಳ್ಳಬೇಕು. ಆಗ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಸಂಬಂಧಪಟ್ಟ ಚಿಕಿತ್ಸೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು. ಪ್ರೀಮಿಯಂ ಕಟ್ಟುತ್ತಾ ಇರಿ. ಅಪ್ಪ ಅಮ್ಮನನ್ನು ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಸೇರಿಸಿದ್ದರೆ, ಕಾಂಟ್ರಾಕ್ಟರ್ ಆಗುವ ಕಾಗದಕ್ಕೆ ಸಹಿ ಹಾಕುವ ಮೊದಲೇ ಅವರಿಗೆ ಬೇರೆ ಪಾಲಿಸಿ ಮಾಡಿಸಿ. ಅರವತ್ತು ದಾಟಿದವರಿಗೆ ಮೆಡಿಕಲ್ ಟೆಸ್ಟ್ ಆಗಿ ಪಾಲಿಸಿ ಕೈಗೆ ಬರುವಷ್ಟರಲ್ಲಿ ವಾರಗಳೇ ಹಿಡಿಯಬಹುದು. ಟಿಕೆಟ್ ಬುಕ್ ಮಾಡುವುದು ಅದಾದ ಮೇಲೆ.